ತೋಟ ಅಡ ಇಡಬೇಡಿ

ವಲಸೆ ಬಂಧನ ಕೇಂದ್ರ, ವಿಲ್ಲಾವುಡ್, ಸಿಡ್ನಿ
ಗುರುವಾರ

ಅಕ್ಕನಿಗೆ ನಮಸ್ಕಾರ.

ಫೋನ್ ಮಾಡಿದರೆ ಅರ್ಧ ಹೊತ್ತು ಅಮ್ಮನ ಅಳುವಿನಲ್ಲೇ ಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಭಾವನಿಗೂ ಓದಿ ಹೇಳು. ತೋಟ ಅಡ ಇಟ್ಟು ದುಡ್ಡು ಕಳಿಸುತ್ತೇನೆ ಅಂದರಂತೆ. ಬೇಡ.

ತಪ್ಪು ನನ್ನದೇ. ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಾ ಗಾಡಿ ಓಡಿಸಿದೆ. ಆ ಹೆಂಗಸು ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾರಂತೆ. 16 ತಿಂಗಳ ಶಿಕ್ಷೆಗೆ ನನ್ನ ತಕರಾರಿಲ್ಲ. ಆದರೆ ಇಲ್ಲಿನ ವಲಸೆ ಕಾಯ್ದೆಯಲ್ಲಿ 501ನೇ ಸೆಕ್ಷನ್ ಅಂತ ಒಂದಿದೆ. 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾಗಿ ಜೈಲಿನಲ್ಲಿದ್ದರೆ ವೀಸಾ ರದ್ದು ಮಾಡಲೇಬೇಕು. 11 ವರ್ಷದಿಂದ ಇದ್ದೇನೆ, ಪಿಆರ್, ಅಂದರೆ ಕಾಯಂ ವೀಸಾ, ಇದೆ ಅಂದರೂ ನಡೆಯುವುದಿಲ್ಲ. ಸಿಟಿಜನ್‌ಶಿಪ್ ತಗೋ ಅಂತ ನೀನು ಎಷ್ಟು ಸಲ ಹೇಳಿದ್ದೆ, ಅಲ್ವಾ? ನಮ್ಮ ಪಾಸ್‌ಪೋರ್ಟ್ ಬಿಡೋಕೆ ನನಗೇ ಮನಸ್ಸಾಗಲಿಲ್ಲ.

ನೋಟಿಸ್ ಜೈಲಿಗೇ ಬಂತು. ರದ್ದತಿ ವಾಪಸ್ ತಗೊಳ್ಳಿ ಅಂತ ಕೇಳೋಕೆ 28 ದಿನ. ಆಗಲ್ಲ ಅಂದರು. ಆ ನಿರ್ಧಾರವನ್ನು ಮತ್ತೆ ಪರಿಶೀಲಿಸುವ ಟ್ರಿಬ್ಯುನಲ್‌ಗೆ ಹೋಗೋಕೆ ಬರೀ 9 ದಿನ. ಅಲ್ಲೂ ಸೋತು, 35 ದಿನದೊಳಗೆ ಫೆಡರಲ್ ಕೋರ್ಟಿಗೆ ಅರ್ಜಿ ಹಾಕಿದೆವು.

ಮೊನ್ನೆ ಮಂಗಳವಾರ ವಿಚಾರಣೆ. ಇಲ್ಲಿಂದಲೇ ವಿಡಿಯೋದಲ್ಲಿ ನೋಡಿದೆ. ಪಕ್ಕದ ರೂಮಿನ ಫಿಜಿ ಹುಡುಗನ ಶರ್ಟು ಹಾಕಿಕೊಂಡಿದ್ದೆ, ತೋಳು ಬೆರಳಿನ ತನಕ ಇಳಿಯುತ್ತಿತ್ತು. ಏನು ಕೇಳಿದರೆ ಏನು ಹೇಳಬೇಕು ಅಂತ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಯಾರೂ ಏನೂ ಕೇಳಲಿಲ್ಲ. ಟ್ರಿಬ್ಯುನಲ್ ಆದೇಶದ ಒಂದೇ ಪ್ಯಾರಾ ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದರು. ಪುಟ್ಟಿಯ ಬಗ್ಗೆ ಇರುವ ಪ್ಯಾರಾ. ಅಪ್ಪ ಜೈಲಿಗೆ ಹೋದ ಮೇಲೆ ಮಗು ಕ್ಲಾಸಿನಲ್ಲಿ ಬಾಯೇ ಬಿಡುತ್ತಿಲ್ಲ ಅಂತ ಅವಳ ಟೀಚರ್ ಪತ್ರ ಕೊಟ್ಟಿದ್ದರಲ್ಲ, ಅದರ ಸುದ್ದಿಯೇ ಅಲ್ಲಿಲ್ಲ. ಮಕ್ಕಳ ಹಿತ ನೋಡಬೇಕು ಅಂತ ಮಂತ್ರಿಗಳ ನಿರ್ದೇಶನವೇ ಇದೆ. ಪತ್ರ ಓದಿ ಬದಿಗಿಟ್ಟರಾ, ಓದಲೇ ಇಲ್ಲವಾ? ನನ್ನ ಕೇಸು ಇಷ್ಟೇ ಅಕ್ಕಾ.

ನಾನು ಒಳ್ಳೆಯವನಾ, ಇಲ್ಲಿರಬೇಕಾ ಅಂತ ಜಡ್ಜ್ ಹೇಳುವ ಹಾಗಿಲ್ಲ. ಟ್ರಿಬ್ಯುನಲ್‌ನವರು ಕಾನೂನಿನ ಪ್ರಕಾರ ನಡೆದುಕೊಂಡರಾ ಅಂತ ಮಾತ್ರ ನೋಡುತ್ತಾರೆ. ಗೆದ್ದರೂ ವೀಸಾ ಕೈಗೆ ಬರುವುದಿಲ್ಲ. ಕೇಸು ವಾಪಸ್ ಟ್ರಿಬ್ಯುನಲ್‌ಗೆ ಹೋಗುತ್ತದೆ. ಅವರು ಈ ಸಲ ಪತ್ರ ಓದಿಯೇ 'ಇಲ್ಲ' ಅನ್ನಬಹುದು. ಸೋತರೆ ಸರ್ಕಾರದ ವಕೀಲರ ಖರ್ಚೂ ನನ್ನ ತಲೆಗೆ ಬರಬಹುದು. ನನ್ನ ವಕೀಲರು ಪುಣ್ಯಾತ್ಮರು, ಫೀಸು ಕೇಳಿಲ್ಲ. ನಾಳೆ ಊರಿಗೇ ಬರಬೇಕಾದರೆ ನನಗೆ ಇರುವುದು ಆ ತೋಟ ಒಂದೇ ಅಂತ ಭಾವನಿಗೆ ಹೇಳು.

ತೀರ್ಪು ಯಾವಾಗ ಅಂತ ಹೇಳಿಲ್ಲ. ನಾನು ಗೆದ್ದೆ ಅಂತ ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಾಳಂತೆ. ಅವಳನ್ನು ಸ್ವಲ್ಪ ತಡೆ.

ಭಾನುವಾರ ಪುಟ್ಟಿಗೆ ಫೋನ್ ಮಾಡು. ನನ್ನ ವಿಷಯ ಎತ್ತಬೇಡ. ಹಸು ಕರು ಹಾಕಿತಲ್ಲ, ಅದನ್ನು ತೋರಿಸು. ಹೆಸರು ಅವಳೇ ಇಡಲಿ.

ನಿನ್ನ ತಮ್ಮ