ದುಬೈ ಪತ್ರ ಓದಿಕೊಟ್ಟ ಅಣ್ಣನಿಗೆ

ಇಂಜಿನಿಯರಿಂಗ್ ಮುಗಿಯುತ್ತಲೇ ದುಬೈನಿಂದ ಸೈಟ್ ಇಂಜಿನಿಯರ್ ಕೆಲಸದ ಪತ್ರ ಬಂದಿತ್ತು. ಅಪ್ಪ ಹೋಗು ಅಂದರು. ಅವ್ವ ಆ ಮರುಭೂಮಿ ಊರು ಬೇಡ ಅಂದಳು. ಏಜೆಂಟ್ ಮಾತ್ರ ವೀಸಾ ಖರ್ಚು ಇವತ್ತೇ ಕಟ್ಟು ಎಂದು ಬೆನ್ನು ಬಿದ್ದಿದ್ದ.

ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ಕೂತು ಆ ಪತ್ರವನ್ನೇ ತಿರುವಿ ಹಾಕುತ್ತಿದ್ದೆ. "ದುಬೈದೇನು ತಮ್ಮಾ?" ಎಂದರು ಪಕ್ಕದವರು. ಅಲ್ಲೇ ದುಡಿದು, ರಜೆಗೆ ಊರಿಗೆ ಬಂದವರು. ಕನ್ನಡಕ ಹಾಕಿಕೊಂಡರು. ಪತ್ರವನ್ನು ತೊಡೆಯ ಮೇಲೆ ಹರಡಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಬೇಸಿಕ್ ಸಂಬಳದ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿ, ಲೆಕ್ಕ ಹಾಕುವುದು ಅದರ ಮೇಲೇ ಅಂತೆ.

"ವೀಸಾ ಖರ್ಚು ಕಂಪನಿದು. ಅಲ್ಲಿ ಕಾನೂನೇ ಹಂಗದ. ನೀ ರೊಕ್ಕ ಕೊಡಬ್ಯಾಡ." ವಿದೇಶದ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರ ಪಟ್ಟಿ ಇರುವ, ನಮ್ಮ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟನ ಹೆಸರು ಹುಡುಕಿಸಿದರು. ಇರಲಿಲ್ಲ!

ಬಿಸಿಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ನಮ್ಮದು ಒಣ ಬಿಸಿಲು, ಅಲ್ಲಿ ಸಮುದ್ರದ ಸೆಕೆಯೂ ಸೇರುತ್ತದೆ, ಬೆವರು ಆರುವುದೇ ಇಲ್ಲ ಎಂದರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದೂ ಅವರಿಂದಲೇ ಗೊತ್ತಾಯಿತು.

ಅಷ್ಟರಲ್ಲಿ ಅವರ ಸಿಂದಗಿ ಬಸ್ ಬಂತು. ಅವರು ಏಳಲಿಲ್ಲ. "ಇರಲಿ, ಇನ್ನೊಂದು ಬರ್ತದ" ಎಂದು ಕೊನೆಯ ಪುಟ ತಿರುವಿದರು.

ಎಷ್ಟೋ ದಿನಗಳ ಮೇಲೆ ಆ ರಾತ್ರಿ ನಿದ್ದೆ ಬಂತು. ಏಜೆಂಟನಿಗೆ ಬೇಡ ಅಂದೆ. ದುಬೈ ಬೇಡ ಅಂತಲ್ಲ, ಕಂಪನಿಗೆ ನಾನೇ ನೇರವಾಗಿ ಬರೆದಿದ್ದೇನೆ. ವೀಸಾ ಅವರೇ ಮಾಡಿಸಿದರೆ ಹೋಗುತ್ತೇನೆ. ಅವ್ವನೂ ಈಗ ಒಪ್ಪಿದ್ದಾಳೆ.

ಅಣ್ಣಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ. ನಮ್ಮ ಮನೆಯವರೆಲ್ಲರ ಪರವಾಗಿ ನಿಮಗೆ ತುಂಬಾ ಥ್ಯಾಂಕ್ಸ್.