ಹಳೆಯದೆಲ್ಲ ಸ್ಟೀಮ್‌ಪಂಕ್ ಅಲ್ಲ

ಮಾನ್ಯರೇ,

ಸ್ಟೀಮ್‌ಪಂಕ್ (ಉಗಿಯಂತ್ರ ಕಾಲದ ಉಡುಪಿಗೂ ಯಂತ್ರಗಳಿಗೂ ಕಲ್ಪನೆ ಬೆರೆಸಿದ ಶೈಲಿ) ವೇಷದ ಫೋಟೊಶೂಟ್ ಎಂದರೆ ಕಲ್ಲಿನ ಕೋಟೆಗೋ ಪಾಳು ಅರಮನೆಗೋ ಹೊರಡುವವರು ಬಹಳ. ಹಳೆಯದಾಗಿದ್ದರೆ ಸಾಕೆಂಬ ಲೆಕ್ಕ ಅವರದು. ಆದರೆ ಈ ಶೈಲಿ ಕಲ್ಪಿಸಿಕೊಳ್ಳುವುದು ಉಗಿಯಂತ್ರಗಳ ಕಾಲವನ್ನು, ಮುಖ್ಯವಾಗಿ ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರ ನಡುವಿನದನ್ನು. ಅದಕ್ಕೆ ಬೇಕಾದದ್ದು ಕಬ್ಬಿಣ, ಇಟ್ಟಿಗೆ, ಗಾಜು. (ಸ್ಟೀಮ್‌ಪಂಕ್ ಎಂಬ ಹೆಸರು ಹುಟ್ಟಿದ್ದೂ 1987ರಲ್ಲಿ, ಪತ್ರಿಕೆಯೊಂದಕ್ಕೆ ಬರೆದ ಇಂಥದೇ ಪತ್ರದಲ್ಲಿ.)

ಜಾಗ ನೋಡಲು ಹೋದಾಗ ಮೊದಲು ರಿವೆಟ್ (ಲೋಹದ ಭಾಗಗಳನ್ನು ಬಿಗಿಯುವ ಮೊಳೆ) ಹುಡುಕಬೇಕು. ಸೇತುವೆಯ ತೊಲೆಗಳು ಕೂಡುವಲ್ಲಿ ಗುಂಡುತಲೆಯ ರಿವೆಟ್‌ಗಳು ಸಾಲುಗಟ್ಟಿದ್ದರೆ ಅದು ಒಗ್ಗುತ್ತದೆ. ವೆಲ್ಡಿಂಗ್ ಗೆರೆ ಕಂಡರೆ ಹತ್ತಿರದ ಚಿತ್ರದಲ್ಲಿ ಅದು ಆ ಕಾಲದ್ದಲ್ಲವೆಂಬ ಗುಟ್ಟು ರಟ್ಟಾಗುತ್ತದೆ. ಹಳೆಯ ಪಂಪ್‌ಹೌಸ್, ಗಿರಣಿಯ ಚಿಮಣಿ, ಎರಕದ ಕಬ್ಬಿಣದ ಗಾಜಿನಮನೆ, ಸಂಗ್ರಹಾಲಯದ ಅಂಗಳದಲ್ಲಿ ನಿಂತ ಉಗಿಬಂಡಿ ಇವೆಲ್ಲ ಆಗುತ್ತವೆ. ಪಿವಿಸಿ ಪೈಪು, ಎ.ಸಿ. ಪೆಟ್ಟಿಗೆ ಅಡ್ಡ ಬಂದರೆ ಹಿನ್ನೆಲೆಯನ್ನೇ ಮಸುಕು ಮಾಡುವುದು ಸುಲಭದ ದಾರಿ. ಆದರೆ ಎಲ್ಲವನ್ನೂ ಮಸುಕು ಮಾಡುವುದಾದರೆ ಅಷ್ಟು ದೂರ ಹೋಗುವುದೇಕೆ? ವೇಷಧಾರಿಯನ್ನೇ ಪೈಪಿಗೆ ಮರೆಯಾಗಿ ನಿಲ್ಲಿಸುವುದು ಮೇಲು.

ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಕಂದು ಕೋಟು, ಚರ್ಮದ ಪಟ್ಟಿ, ತುಕ್ಕು, ಇಟ್ಟಿಗೆ ಒಂದರೊಳಗೊಂದು ಕರಗಿ, ವ್ಯಕ್ತಿಯ ಅಂಚೇ ಕಾಣುವುದಿಲ್ಲ. ಮೊಬೈಲ್‌ನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿ: ಕೋಟೂ ಗೋಡೆಯೂ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ಜಾಗ ಬದಲಿಸಿ. ಪಾಚಿ ಹಸಿರು, ಮಾಸಿದ ನೀಲಿ ಬಣ್ಣದ ಕಬ್ಬಿಣ ಕಂದನ್ನು ಎತ್ತಿ ತೋರಿಸುತ್ತವೆ. ಅವು ಸಿಗದಿದ್ದರೆ ಇಳಿಬಿಸಿಲು ಓರೆಯಾಗಿ ಹಿಂದಿನಿಂದ ಬೀಳುವಂತೆ ನಿಲ್ಲಿಸಿ, ಭುಜಕ್ಕೂ ಟೋಪಿಗೂ ಬೆಳಕಿನ ಅಂಚು ಬರುತ್ತದೆ. ಹಾಗಾಗಿ ಜಾಗವನ್ನು ಒಂದು ವಾರ ಮುಂಚೆ, ಶೂಟ್ ನಡೆಯುವ ಹೊತ್ತಿಗೇ ಹೋಗಿ ನೋಡಬೇಕು.

ಗಾಗಲ್ಸ್ ಗಾಜಿನಲ್ಲಿ ಛಾಯಾಗ್ರಾಹಕನೇ ಕಾಣಿಸುವುದುಂಟು. ಲೆನ್ಸ್‌ಗೆ ಹಾಕುವ ಪೋಲರೈಸರ್ ಫಿಲ್ಟರ್ ಗಾಜಿನ ಹೊಳಪನ್ನು ಕೆಲವು ಕೋನಗಳಲ್ಲಿ ಮಾತ್ರ ತಗ್ಗಿಸುತ್ತದೆ. ಹಿತ್ತಾಳೆಯ ಮೇಲೆ ಅದರ ಆಟ ನಡೆಯುವುದಿಲ್ಲ, ಅಲ್ಲಿ ವಸ್ತುವನ್ನೇ ತುಸು ತಿರುಗಿಸಬೇಕು.

ಉಗಿ ತೋರಿಸಲು ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ತರುವವರಿಗೆ ಒಂದು ಮಾತು. ಅದರ ಮಂಜು ಉಗಿಯಂತೆ ಮೇಲೇಳದೆ ನೆಲ ಹಿಡಿದು ಹರಿಯುತ್ತದೆ, ಸಣ್ಣ ಗಾಳಿಗೂ ಚದುರಿಹೋಗುತ್ತದೆ. ಮೈನಸ್ 78 ಡಿಗ್ರಿಯ ಆ ತುಂಡನ್ನು ಬರಿಗೈಯಲ್ಲಿ ಮುಟ್ಟಬಾರದು. ತಗ್ಗಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಅದರ ಅನಿಲ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಒಣಹುಲ್ಲಿನ ಬಳಿ ಹೊಗೆಬಾಂಬು ಬೇಡವೇ ಬೇಡ.

ರೈಲು ಓಡಾಡುವ ಹಳಿಯ ಮೇಲೆ ಚಿತ್ರ ತೆಗೆಯುವುದು ಅಪರಾಧ, ಜೀವಕ್ಕೂ ಅಪಾಯ. ಮುಚ್ಚಿದ ಗಿರಣಿಗಳಲ್ಲಿ ಕಲ್ನಾರಿನ (ಆಸ್ಬೆಸ್ಟಸ್) ಶೀಟು, ತುಕ್ಕು ಹಿಡಿದ ಮೆಟ್ಟಿಲು ಇರುತ್ತವೆ; ಹೊರಗೋಡೆಯೇ ಸಾಕು. ಅನುಮತಿಪತ್ರದಲ್ಲಿ ದಿನ, ಜನರ ಸಂಖ್ಯೆ, ಟ್ರೈಪಾಡ್, ಬಟ್ಟೆ ಬದಲಿಸಲು ಕೋಣೆ ಇವುಗಳ ಜೊತೆಗೆ ಆಟಿಕೆ ಬಂದೂಕಿದ್ದರೆ ಅದನ್ನೂ ಕಾಣಿಸಿ. ದಾರಿಯುದ್ದಕ್ಕೂ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ.

ಯಂತ್ರ ಸಂಗ್ರಹಾಲಯಗಳವರಲ್ಲಿ ಒಂದು ಕೋರಿಕೆ: ವೇಷ, ಟ್ರೈಪಾಡ್, ಶುಲ್ಕದ ನಿಯಮಗಳನ್ನು ಟಿಕೆಟ್ ಕಿಟಕಿಯ ಬಳಿಯೇ ಬರೆದು ಹಾಕಿ. ಒಳಗೆ ಬಂದ ಮೇಲೆ ನಡೆಯುವ ವಾಗ್ವಾದದಲ್ಲಿ ನಮ್ಮ ಇಳಿಬಿಸಿಲೆಲ್ಲ ಕಳೆದುಹೋಗುತ್ತದೆ.

– ವೇಷ ತಯಾರಕರು ಮತ್ತು ಛಾಯಾಗ್ರಾಹಕರು