ಹೊಗಳಿದ್ದು ಸಾಕು, ಆಕೆಯ ಬೇಡಿಕೆಯೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನ್ಯೂಯಾರ್ಕ್ ನಗರದ ವೆಸ್ಟ್ ಹಾರ್ಲೆಮ್‌ನ ಡ್ಯಾಫ್ನಿ ಫ್ರಿಯಾಸ್ ಅವರಂಥ ಯುವ ಹೋರಾಟಗಾರ್ತಿಯರ ಬಗ್ಗೆ ಬರುವ ಬರಹಗಳನ್ನು ಓದುವಾಗಲೆಲ್ಲ ನನಗೆ ಒಂದು ಕೊರತೆ ಎದ್ದು ಕಾಣುತ್ತದೆ. ಮಿದುಳಿನ ತೊಂದರೆಯಿಂದ ದೇಹದ ಚಲನೆಗೆ ಅಡ್ಡಿಯಾಗುವ ಸೆರೆಬ್ರಲ್ ಪಾಲ್ಸಿ ಇದ್ದರೂ, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರೂ ಈಕೆ ಇಷ್ಟೆಲ್ಲ ಮಾಡಿದರಲ್ಲ ಎಂಬ ಬೆರಗಿನಲ್ಲೇ ಬರಹ ಮುಗಿದುಹೋಗುತ್ತದೆ. ಆಕೆ ಕೇಳುತ್ತಿರುವುದೇನು ಎಂಬುದಕ್ಕೆ ಜಾಗವೇ ಉಳಿದಿರುವುದಿಲ್ಲ.

ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಸಮುದಾಯದ ಫ್ರಿಯಾಸ್ ಸಾರ್ವಜನಿಕ ಬದುಕಿಗೆ ಬಂದದ್ದು 2018ರಲ್ಲಿ. ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ಬಳಿಕ ಬಂದೂಕು ನಿಯಂತ್ರಣಕ್ಕಾಗಿ ನಡೆದ ಮೆರವಣಿಗೆಗೆ ಅವರು ತಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದೊಯ್ದರು. ಇಪ್ಪತ್ತರ ಹರೆಯದಲ್ಲೇ ತಮ್ಮ ಬಡಾವಣೆಯಿಂದ ಡೆಮಾಕ್ರಟಿಕ್ ಪಕ್ಷದ ಸ್ಥಳೀಯ ಘಟಕವಾದ ಕೌಂಟಿ ಸಮಿತಿಗೆ ಆಯ್ಕೆಯಾದರು. ಅವರು ಎತ್ತುವ ಪರಿಸರದ ಪ್ರಶ್ನೆಯೂ ಹೊರಗಿನಿಂದ ತಂದದ್ದಲ್ಲ, ಅವರ ಬಡಾವಣೆಯದೇ. ಮೊದಲು ಮ್ಯಾನ್‌ಹ್ಯಾಟನ್ನಿನ 72ನೇ ಬೀದಿಯ ಬಳಿ ಯೋಜಿಸಿದ್ದ ಕೊಳಚೆನೀರಿನ ಶುದ್ಧೀಕರಣ ಘಟಕವನ್ನು ಕಪ್ಪು ಮತ್ತು ಲ್ಯಾಟಿನೋ ಜನರೇ ಹೆಚ್ಚಾಗಿದ್ದ ವೆಸ್ಟ್ ಹಾರ್ಲೆಮ್‌ಗೆ ಸರಿಸಲಾಯಿತು. 1986ರಲ್ಲಿ ಅದು ಶುರುವಾದ ಮೇಲೆ ನಾತ ತಡೆಯಲಾಗದೆ ಅಲ್ಲಿನವರು ಬೀದಿಗಿಳಿದರು, ಕೋರ್ಟಿಗೂ ಹೋದರು. ಡೀಸೆಲ್ ಬಸ್ಸುಗಳ ಡಿಪೋಗಳು, ಮಕ್ಕಳ ಆಸ್ತಮಾ, ಇವೆಲ್ಲ ಆ ಭಾಗದವರಿಗೆ ದಿನನಿತ್ಯದ ಮಾತು.

ಹವಾಮಾನದ ಚರ್ಚೆಯಲ್ಲಿ ಅಂಗವಿಕಲರಿಗೂ ಜಾಗ ಬೇಕು ಎಂಬುದು ಫ್ರಿಯಾಸ್ ಅವರ ಮಾತು. ಅದು ಕೇವಲ ಪ್ರಾತಿನಿಧ್ಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ ಎಂಬುದಕ್ಕೆ ಅವರ ಊರೇ ಸಾಕ್ಷಿ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ವಿದ್ಯುತ್ ಹೋಯಿತು, ಬಹುಮಹಡಿ ಕಟ್ಟಡಗಳ ಲಿಫ್ಟುಗಳು ನಿಂತವು. ಉಳಿದವರು ಕತ್ತಲಲ್ಲೇ ಮೆಟ್ಟಿಲು ತಡವುತ್ತ ಇಳಿದುಹೋದರು. ಗಾಲಿಕುರ್ಚಿಯವರು ಮಾತ್ರ ದಿನಗಟ್ಟಲೆ ಮೇಲಿನ ಮಹಡಿಗಳಲ್ಲೇ ಸಿಕ್ಕಿಕೊಂಡರು. ವಿದ್ಯುತ್ತಿನಿಂದ ನಡೆಯುವ ಗಾಲಿಕುರ್ಚಿಗೆ, ಉಸಿರಾಟದ ಯಂತ್ರಕ್ಕೆ ಚಾರ್ಜ್ ಎಲ್ಲಿಂದ ತರುವುದು? ಬ್ರೂಕ್ಲಿನ್ನಿನ ಅಂಗವಿಕಲರ ಸಂಘಟನೆಯೊಂದು ಇದಕ್ಕೂ ಒಂದು ವರ್ಷ ಮೊದಲೇ, ಐರೀನ್ ಚಂಡಮಾರುತದ ನಂತರ, ನಗರಾಡಳಿತದ ಮೇಲೆ ಮೊಕದ್ದಮೆ ಹೂಡಿತ್ತು. ತುರ್ತು ಸ್ಥಿತಿಯ ಯೋಜನೆಯಲ್ಲಿ ಎತ್ತರದ ಕಟ್ಟಡಗಳಿಂದ ಅಂಗವಿಕಲರನ್ನು ಇಳಿಸುವ ವ್ಯವಸ್ಥೆಯಿಲ್ಲ, ಆಶ್ರಯ ಕೇಂದ್ರಗಳು ಅವರಿಗೆ ಪ್ರವೇಶಿಸುವಂತಿಲ್ಲ, ಆದ್ದರಿಂದ ಇದು 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉಲ್ಲಂಘನೆ ಎಂದು 2013ರ ನವೆಂಬರ್‌ನಲ್ಲಿ ನ್ಯಾಯಾಧೀಶ ಜೆಸ್ಸಿ ಫರ್ಮನ್ ತೀರ್ಪಿತ್ತರು. ನಗರ ಬೇಕೆಂದೇ ತಾರತಮ್ಯ ಮಾಡಿದ್ದಕ್ಕೆ ಆಧಾರವಿಲ್ಲ ಎಂದೂ ಅವರು ಹೇಳಿದರು. ನನ್ನನ್ನು ಕಲಕಿದ್ದು ಈ ಮಾತೇ. ಸುಮಾರು ಒಂಬತ್ತು ಲಕ್ಷ ಅಂಗವಿಕಲರಿರುವ ನಗರದಲ್ಲಿ, ಯಾರ ಮನಸ್ಸಿನಲ್ಲೂ ಕೆಡುಕಿಲ್ಲದೆ, ಅವರೆಲ್ಲರೂ ಯೋಜನೆಯಿಂದ ಬಿಟ್ಟುಹೋಗಬಹುದು ಎಂದಾಯಿತು.

ಹವಾಮಾನ ಬದಲಾವಣೆಯ ಬಗ್ಗೆ ಜಗತ್ತೇ ಸೇರಿ ಮಾತಾಡುವ ಜಾಗದಲ್ಲೂ ಇದೇ ಆಯಿತು. 2021ರ ನವೆಂಬರ್ 1ರಂದು ಗ್ಲಾಸ್ಗೊದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯ ಬಾಗಿಲಲ್ಲಿ ಗಾಲಿಕುರ್ಚಿ ಬಳಸುವ ಇಸ್ರೇಲಿನ ಇಂಧನ ಸಚಿವೆ ಕರೀನ್ ಎಲ್ಹರಾರ್ ಸುಮಾರು ಎರಡು ಗಂಟೆ ಕಾದರು. ಒಳಗೆ ಹೋಗಲು ಇದ್ದ ದಾರಿ ಎರಡೇ: ನಡೆದು ಹೋಗಬೇಕು, ಇಲ್ಲವೇ ಗಾಲಿಕುರ್ಚಿ ಹತ್ತದ ವಾಹನದಲ್ಲಿ ಹೋಗಬೇಕು. ಅವರು ವಾಪಸಾದರು. ಬ್ರಿಟನ್ ಪ್ರಧಾನಿ ಕ್ಷಮೆ ಕೇಳಿದ ಮೇಲೆ ಮರುದಿನ ಒಳಗೆ ಬಂದರು. ಸಚಿವೆಗೇ ಹೀಗಾದರೆ ವೆಸ್ಟ್ ಹಾರ್ಲೆಮ್‌ನ ಒಬ್ಬ ಯುವತಿ ಎಷ್ಟು ಬಾಗಿಲುಗಳ ಮುಂದೆ ಕಾದಿರಬೇಡ!

ಈ ಪತ್ರದಲ್ಲಿ ‘ಅಂಗವಿಕಲ’ ಎಂಬ ಪದವನ್ನು ತಿಳಿದೇ ಬಳಸಿದ್ದೇನೆ. ಮೇಲೆ ಸಿಹಿ ಸವರಿದ ಪದಗಳು ಬೇಡ, ಇದ್ದದ್ದನ್ನು ಇದ್ದಂತೆ ಹೇಳಿ ಎಂಬುದು ಅಮೆರಿಕದ ಅಂಗವಿಕಲರ ಹಕ್ಕುಗಳ ಚಳವಳಿಯ ಅನೇಕರ ಒತ್ತಾಯ. ಅವರು ಬೇಡುತ್ತಿರುವುದು ಮೆಚ್ಚುಗೆಯನ್ನಲ್ಲ, ನಿಯಮಗಳ ಬದಲಾವಣೆಯನ್ನು. ಅದರ ವೇಗ ಹೇಗಿದೆ ಎಂದರೆ, ನ್ಯೂಯಾರ್ಕಿನ 472 ಸುರಂಗ ರೈಲು ನಿಲ್ದಾಣಗಳಲ್ಲಿ ಬಹುಪಾಲಿಗೆ ಲಿಫ್ಟ್ ಅಥವಾ ಇಳಿಜಾರು ದಾರಿ ಒದಗಿಸುವುದಾಗಿ 2022ರಲ್ಲಿ ಆದ ಒಪ್ಪಂದದ ಗಡುವು 2055.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದೆ ಫ್ರಿಯಾಸ್ ಅವರಂಥವರ ಚಿತ್ರ ಪ್ರಕಟಿಸುವಾಗ, ಅದರ ಪಕ್ಕದಲ್ಲೇ ಅವರ ಬೇಡಿಕೆ ಏನು, ಅದನ್ನು ಈಡೇರಿಸಬೇಕಾದವರು ಯಾರು, ಅವರು ಕೊಟ್ಟ ಉತ್ತರವೇನು ಎಂಬುದನ್ನೂ ದಯವಿಟ್ಟು ಪ್ರಕಟಿಸಿ.

ಇತಿ,
ತಮ್ಮ ಓದುಗರಲ್ಲೊಬ್ಬಳು